ಕಾಲೂರಿದರೆ ಲೆಕ್ಕಕ್ಕಿಲ್ಲ

ಡಲ್ಲಾಸಿನ ಉತ್ತರಕ್ಕಿರುವ ಅಲೆನ್ ಎಂಬ ಊರಿನಲ್ಲಿದ್ದುಕೊಂಡು ನಾನು ಸೈಕಲ್ಲಿನ ಮೇಲೆ ಹನ್ನೆರಡು ಸಾವಿರದ ಒಂಬೈನೂರು ಮೀಟರ್ ಬೆಟ್ಟ ಹತ್ತಿದ್ದೇನೆ. ಈ ಸೀಮೆಯನ್ನು ಕಂಡವರು ಈ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡುತ್ತಾರೆ. ಇಲ್ಲಿ ಬೆಟ್ಟವಿಲ್ಲ. ದೋಸೆಕಲ್ಲಿನಂಥ ನೆಲ. ಮಳೆ ಬಂದರೆ ನೀರು ಯಾವ ಕಡೆ ಹರಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ.

ನಾನು ಹತ್ತಿದ್ದು ಪಾರ್ಕಿಂಗ್ ಕಟ್ಟಡವನ್ನು. ಪಕ್ಕದೂರು ಪ್ಲೇನೋದ ಒಂದು ಆಫೀಸಿಗೆ ಸೇರಿದ ಐದು ಮಹಡಿಯ ಕಟ್ಟಡ ಅದು. ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ. ಕೆಳಗಿನಿಂದ ತುದಿಯವರೆಗೆ ಸುತ್ತಿಕೊಂಡು ಹತ್ತಿದರೆ ಹದಿನೈದು ಮೀಟರ್. ಇಳಿಯುವುದು, ಮತ್ತೆ ಹತ್ತುವುದು. ಮೊದಲ ವಾರ ಕಾವಲುಗಾರ ತನ್ನ ಪುಟ್ಟ ಬಂಡಿಯಲ್ಲಿ ನಮ್ಮ ಹಿಂದೆಯೇ ಬಂದು, ಕಾರು ಎಲ್ಲಿ ನಿಲ್ಲಿಸಿದ್ದೆವೆಂದು ಮರೆತುಹೋಗಿದೆಯೇ ಎಂದು ಕನಿಕರದಿಂದ ಕೇಳಿದ್ದ. ಫ್ರಾನ್ಸಿಗೆ ಹೋಗಲು ಅಭ್ಯಾಸ ಮಾಡುತ್ತಿದ್ದೇವೆ ಎಂದೆ. ಅವನು ನನ್ನ ಪಕ್ಕದಲ್ಲಿದ್ದವರನ್ನು ಒಮ್ಮೆ ನೋಡಿ, ಬಂಡಿ ತಿರುಗಿಸಿಕೊಂಡು ಹೊರಟುಹೋದ.

ಪಕ್ಕದಲ್ಲಿದ್ದವರು ದೇಸಾಯಿ ಅಂಕಲ್. ಧಾರವಾಡದವರು, ಎಪ್ಪತ್ತರ ಹತ್ತಿರದ ವಯಸ್ಸು. ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಹಲ್ಲಿನ ಡಾಕ್ಟರಾಗಿದ್ದು, ಈಗ ನಮ್ಮೂರ ಹತ್ತಿರದ ಲಿಟಲ್ ಎಲ್ಮಿನಲ್ಲಿ ಕೆರೆಯ ದಂಡೆಯ ಒಂದು ಮನೆಯಲ್ಲಿ ಆಂಟಿಯ ಜೊತೆ ಇದ್ದಾರೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಾನು ಸೈಕಲ್ ಹೊಡೆಯುತ್ತೇನೆಂದು ತಿಳಿದದ್ದೇ ಹೋಳಿಗೆ ಬಿಟ್ಟು ನನ್ನ ಕಡೆ ತಿರುಗಿದರು.

"ಹ್ಯೂಸ್ಟನ್ನಿನಾಗ ಎತ್ತರ ಅಂದ್ರ ಫ್ಲೈಓವರ್ ಅಷ್ಟ ನೋಡು ತಮ್ಮಾ. ಸಾಯೂದ್ರಾಗ ಒಮ್ಮೆ ಫ್ರಾನ್ಸಿನ ಹಳ್ಳಿಗುಡ್ಡದಾಗ ಸೈಕಲ್ ಹೊಡೀಬೇಕು ಅಂತ ಭಾಳ ಆಸೆ ನಂದು. ಬರ್ತೀ ಏನು?"

ಬರುತ್ತೇನೆ ಎಂದೆ. ಅಷ್ಟರಲ್ಲೇ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರಲಿಲ್ಲ. ಆದರೆ ಮನೆಗೆ ಬಂದು ನಾನು ನೋಟ್‌ಬುಕ್ ತೆರೆದೆ.

ನನ್ನ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹೈಸ್ಕೂಲಿನಿಂದ ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ, ಅಂಕಿಗಳು ಜಾಸ್ತಿ. ಎಷ್ಟು ಗಂಟೆಗೆ ಎದ್ದೆ, ಎಷ್ಟು ಲೋಟ ನೀರು ಕುಡಿದೆ, ಎಷ್ಟು ಅಧ್ಯಾಯ ಓದಿದೆ. ಮೈಸೂರಿನಲ್ಲಿ ಸಿಇಟಿಗೆ ಓದಿದ ಹುಡುಗರಿಗೆಲ್ಲ ಈ ರೋಗ ಒಂದಿಷ್ಟು ಇರುತ್ತದೆ. ಪೋರ್ಷನ್ ಮುಗಿಯದೆ ಪರೀಕ್ಷೆಗೆ ಕೂರಬಾರದು, ಮುಗಿದ ಮೇಲೂ ಎರಡು ಸಲ ರಿವಿಷನ್ ಆಗಿರಬೇಕು ಎಂದು ನಮ್ಮನ್ನು ಬೆಳೆಸಿದರು. ನಾವು ಬೆಳೆದು ಇಂಜಿನಿಯರಾದೆವು. ಆಮೇಲೆ ರಜೆಗೂ ಪೋರ್ಷನ್ ಮಾಡಿಕೊಂಡೆವು.

ಫ್ರಾನ್ಸಿನ ನಡುದಕ್ಷಿಣದಲ್ಲಿ ನಾಲ್ಕು ದಿನದ ಒಂದು ದಾರಿ ಹುಡುಕಿದೆ. ನದಿ, ದ್ರಾಕ್ಷಿ ತೋಟ, ಗುಡ್ಡದ ನೆತ್ತಿಯಲ್ಲಿ ಹಳ್ಳಿ, ಮತ್ತೆ ನದಿ. ಆ ಹಳ್ಳಿಗಳ ಹೆಸರನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗಿಲ್ಲ. ಬರೆದ ಅಕ್ಷರಗಳಲ್ಲಿ ಅರ್ಧವನ್ನು ಅಲ್ಲಿಯವರೇ ಬಾಯಿಗೆ ತಂದುಕೊಳ್ಳುವುದಿಲ್ಲ. ದಾರಿಯ ಒಟ್ಟು ಏರು ನಾಲ್ಕು ಸಾವಿರದ ಮುನ್ನೂರು ಮೀಟರ್. ಅದರ ಮೂರರಷ್ಟನ್ನು, ಅಂದರೆ ಪಾರ್ಕಿಂಗ್ ಕಟ್ಟಡವನ್ನು ಎಂಟುನೂರ ಅರವತ್ತು ಸಲ, ಇಲ್ಲೇ ಹತ್ತಿ ಮುಗಿಸಿದ ಮೇಲೆ ಹೊರಡುವುದೆಂದು ನಿಶ್ಚಯಿಸಿದೆ. ಮೂರೇ ಯಾಕೆ? ಓದು ಒಂದು, ರಿವಿಷನ್ ಎರಡು. ನನಗೊಂದು ಕಾಲಂ, ಅಂಕಲ್ಲಿಗೊಂದು. ಇಬ್ಬರದೂ ತುಂಬಬೇಕು. ಮಧ್ಯದಲ್ಲಿ ನೆಲಕ್ಕೆ ಕಾಲೂರಿದರೆ ಆ ಏರು ಲೆಕ್ಕಕ್ಕಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂದರು ಹಿರಿಯರು. ಅವರು ಅದನ್ನು ಬರಿಗಣ್ಣಿನಲ್ಲಿ ನೋಡಿದ್ದರು. ನಾನು ಗ್ರಾಫಿನಲ್ಲಿ ನೋಡಿದೆ. ಗ್ರಾಫಿನಲ್ಲಿ ದೂರದ ಬೆಟ್ಟ ಮುಳ್ಳುಹಂದಿಯ ಬೆನ್ನಿನ ಹಾಗೆ ಕಾಣುತ್ತದೆ. ಹತ್ತಿರ ಹೋದವರಿಗಷ್ಟೇ ಅದು ನುಣುಪಾಗುತ್ತದೆ ಎಂಬ ಗಾದೆಯನ್ನು ಯಾರೂ ಮಾಡಿಲ್ಲ.

ಅಂಕಲ್ಲಿಗೆ ಕಾಲೂರುವ ಚಟ. ದಣಿವಿಗಲ್ಲ, ನೋಡುವುದಕ್ಕೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ಗೋಡೆ ತಗ್ಗಾಗಿದ್ದು, ಅಲ್ಲಿಂದ ಸೂರ್ಯ ಏಳುವುದು ಕಾಣುತ್ತದೆ. ಅಲ್ಲಿಗೆ ಬಂದರೆ ಒಂದು ಕಾಲು ಕೆಳಗೆ.

"ಅಂಕಲ್, ಇದು ಹೋಯ್ತು."

"ಹೋಗ್ಲಿ ಬಿಡಪಾ. ಆಕಾಶ ನೋಡಿಲ್ಲೆ, ಬದನಿಕಾಯಿ ಬಣ್ಣ ಆಗೇದ."

ನಾನು ನೋಟ್‌ಬುಕ್ಕಿನಲ್ಲಿ ಒಂದು ಅಡ್ಡಗೀಟು ಹಾಕುತ್ತಿದ್ದೆ. ಒಂದು ಶನಿವಾರ ಅವರೇ ಡ್ರೈವ್ ಮಾಡಿಕೊಂಡು ನನ್ನನ್ನು ಆಸ್ಟಿನ್ನಿಗೆ ಕರೆದೊಯ್ದರು. ಅಲ್ಲಿ ಊರಿನ ಪಶ್ಚಿಮಕ್ಕೆ ನಿಜವಾದ ಗುಡ್ಡಗಳಿವೆ. ಅಂಕಲ್ ಎಲ್ಲವನ್ನೂ ಹತ್ತಿದರು. ಹನ್ನೊಂದು ಕಡೆ ಕಾಲೂರಿ, ನೀರು ಕುಡಿದು, ಒಂದು ಕಡೆ ಜಿಂಕೆಯ ಜೊತೆ ಮಾತಾಡಿ, ಆದರೆ ಎಲ್ಲವನ್ನೂ ಹತ್ತಿದರು. ಆ ದಿನದ ಪುಟದಲ್ಲಿ ಅವರ ಕಾಲಂನಲ್ಲಿ ಸೊನ್ನೆ ಇದೆ. ಈಗಲೂ ಇದೆ.

ವರ್ಷ ತಿರುಗಿ, ಹೊರಡಬಹುದಾದ ಮೊದಲ ಮೇ ಬಂತು. ಅಂಕಲ್ ಫೋನ್ ಮಾಡಿ "ಟಿಕೆಟ್ ನೋಡ್ಲೇನು?" ಎಂದರು. ಅವರ ಕಾಲಂನಲ್ಲಿ ನಾಲ್ಕು ಸಾವಿರದ ತೊಂಬತ್ತೈದು. ಇನ್ನೂ ಮೂರನೇ ಒಂದು ಭಾಗವೂ ಆಗಿಲ್ಲ ಅಂಕಲ್, ಸೆಪ್ಟೆಂಬರಿಗೆ ಹೋಗೋಣ ಎಂದೆ. ಸೆಪ್ಟೆಂಬರಿನೊಳಗೆ ನನ್ನ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿತ್ತು; ದೇಶ ಬಿಟ್ಟರೆ ಹೊಸ ಮುದ್ರೆ ಬೀಳುವವರೆಗೆ ಮರಳಿ ಬರುವಂತಿಲ್ಲ. ಚಳಿಗಾಲದಲ್ಲಿ ಮೈಸೂರಿಗೆ ಹೋಗಿ ಅದನ್ನು ಮುಗಿಸಿಕೊಂಡು ಬಂದೆ. ಎರಡನೇ ಮೇ ಬಂದಾಗ ನನ್ನ ಪೋರ್ಷನ್ ಮುಗಿದಿತ್ತು. ಅಂಕಲ್ಲಿನದು ಹತ್ತು ಸಾವಿರದ ಒಂಬೈನೂರ ಅರವತ್ತೈದು. ಸರಿಯಾಗಿ ಶೇಕಡಾ ಎಂಬತ್ತೈದು.

"ಎಂಬತ್ತೈದಕ್ಕ ಡಿಸ್ಟಿಂಕ್ಷನ್ ಬರ್ತದಲ್ಲೋ ತಮ್ಮಾ. ಡೆಂಟಲ್ ಸೀಟ್ ಸಿಕ್ಕಿತ್ತು ನಂಗ ಅದರಾಗ."

"ಈ ಬೇಸಿಗೆ ಕಳೀಲಿ ಅಂಕಲ್. ಸೆಪ್ಟೆಂಬರ್ ಗ್ಯಾರಂಟಿ."

ಅವರು "ನೀ ಹೇಳ್ದಂಗ ಆಗ್ಲಿ" ಎಂದರು. ಈ ಮಾತನ್ನು ನಾನು ಡೈರಿಯಲ್ಲಿ ಬರೆದುಕೊಂಡಿಲ್ಲ. ಬರೆಯದೆಯೂ ಮರೆಯದ ಮಾತುಗಳು ನನ್ನ ಜೀವನದಲ್ಲಿ ಹೆಚ್ಚಿಲ್ಲ, ಇದೊಂದು.

ಜುಲೈಯಲ್ಲಿ ಅಂಕಲ್ ಸ್ನಾನದ ಮನೆಯಲ್ಲಿ ತಲೆ ಸುತ್ತಿ ಬಿದ್ದರು. ಒಳಗಿವಿಯಲ್ಲಿ ಸಮತೋಲನ ಕಾಯುವ ಭಾಗ ಕೆಟ್ಟಿದೆ ಎಂದರು ಡಾಕ್ಟರು. ಪ್ರಾಣಕ್ಕೇನೂ ಭಯವಿಲ್ಲ. ನಡೆಯಬಹುದು, ಜೊತೆಗೊಬ್ಬರಿದ್ದರೆ ಪ್ರಯಾಣ ಮಾಡಬಹುದು. ಎರಡು ಚಕ್ರದ ಮೇಲೆ ಮಾತ್ರ ಇನ್ನು ಹತ್ತುವಂತಿಲ್ಲ. ನೋಡಲು ಹೋದಾಗ ಅಂಕಲ್ ಸೋಫಾದ ತೋಳು ಹಿಡಿದುಕೊಂಡು ಕೂತಿದ್ದರು.

"ನೀ ಹೋಗಿ ಬಾ," ಎಂದರು. "ಒಬ್ಬರರೆ ಹೋಗಬೇಕಲ್ಲ. ಬಂದು ನಂಗ ಹೇಳು, ಆ ಗುಡ್ಡ ಹೆಂಗದ ಅಂತ."

ಹೋದೆ.

ಮೊದಲ ದಿನದ ಮೊದಲ ಏರಿನಲ್ಲಿಯೇ, ಹಲ್ಲು ಕಚ್ಚಿಕೊಂಡು ತುಳಿಯುತ್ತಿದ್ದ ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಹಾದುಹೋದಳು. ಎಪ್ಪತ್ತು ದಾಟಿರಬೇಕು. ಹಳೆಯ ಸೈಕಲ್ಲು, ಮುಂದಿನ ಬುಟ್ಟಿಯಲ್ಲಿ ಎರಡು ಹೂವಿನ ಕುಂಡ. ಮುಂದಿನ ತಿರುವಿನಲ್ಲಿ ನಾನು ಅವಳನ್ನು ಹಿಡಿದೆ, ಏಕೆಂದರೆ ಅವಳು ಇಳಿದು ಗೋಡೆಗೆ ಒರಗಿ ಕಣಿವೆಯನ್ನು ನೋಡುತ್ತ ನಿಂತಿದ್ದಳು. ಅಲ್ಲೊಂದು ಬೆಂಚಿತ್ತು. ಆಮೇಲೆ ಗಮನಿಸಿದೆ: ಹೆಚ್ಚುಕಡಿಮೆ ಪ್ರತಿ ಏರಿನಲ್ಲಿ, ಉಸಿರು ಕಟ್ಟುವ ಜಾಗಕ್ಕೆ ಸರಿಯಾಗಿ, ಒಂದು ಬೆಂಚು, ಇಲ್ಲವೇ ಕಲ್ಲಿನ ಕಟ್ಟೆ, ಇಲ್ಲವೇ ಒಂದು ನೀರಿನ ತೊಟ್ಟಿ. ನೂರಾರು ವರ್ಷಗಳಿಂದ ಜನ ಅಲ್ಲಿ ನಿಂತು ನಿಂತೇ ಹತ್ತಿದ್ದಾರೆ. ಆ ಗುಡ್ಡಗಳನ್ನು ಹತ್ತುವ ಕ್ರಮವೇ ಅದು. ಕಾಲೂರುವುದು ಆ ದಾರಿಯ ಒಂದು ಅಂಗ.

ಆ ಬೆಂಚಿನ ಮೇಲೆ ಕೂತಾಗ ನನಗೆ ನೆನಪಾದದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು. ಆಷಾಢದಲ್ಲಿ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ, ಅರಿಶಿನ ಕುಂಕುಮ ಹಚ್ಚಿ ಮುಂದಕ್ಕೆ ಹೋಗುತ್ತಾರೆ. ಸಾವಿರ ಮೆಟ್ಟಿಲು, ಸಾವಿರ ಸಲ ನಿಲ್ಲುವುದು. ನಮ್ಮ ಅತ್ತೆಯೊಬ್ಬರು ಮಂಡಿನೋವು ಇಟ್ಟುಕೊಂಡೇ ಹಚ್ಚಿ ಬಂದಿದ್ದರು. ಅದಕ್ಕೆಂದು ಅವರು ಎಲ್ಲಿಯೂ ಅಭ್ಯಾಸ ಮಾಡಿದ್ದು ನಾನು ಕಾಣೆ. ನನ್ನ ನಿಯಮದ ಪ್ರಕಾರ ಅವರು ಬೆಟ್ಟ ಹತ್ತಿಯೇ ಇಲ್ಲ.

ನಾಲ್ಕು ದಿನ ಮುಗಿದವು. ಏರು ಸುಲಭವಿತ್ತು. ನಿಂತು ನಿಂತು ಹೋದರೆ ಯಾರಿಗಾದರೂ ಸುಲಭ. ಅಂಕಲ್ ಮೊದಲ ಮೇಯಲ್ಲಿಯೇ ಹತ್ತುತ್ತಿದ್ದರು. ಯುಗಾದಿ ಊಟದ ಮರುದಿನ ಹೊರಟಿದ್ದರೂ ಹತ್ತುತ್ತಿದ್ದರು. ನಾನು ಹಾಕಿದ ಅಡ್ಡಗೀಟುಗಳೇ ಅವರ ನಿಜವಾದ ತಯಾರಿಯಾಗಿದ್ದವು. ಇದನ್ನು ಅವರಿಗೆ ಹೇಳುವುದು ಹೇಗೆ? ವಿಮಾನದಲ್ಲಿ ಹತ್ತು ತಾಸು ಅದೇ ಯೋಚನೆ. ಕೊನೆಗೆ ಸುಳ್ಳು ಹೇಳುವುದೆಂದು ತೀರ್ಮಾನಿಸಿದೆ. ಗುಡ್ಡ ಕಷ್ಟವಿತ್ತೆಂದರೆ ಅವರಿಗೂ ಸಮಾಧಾನ. ನನಗೆ ಅದಕ್ಕಿಂತ ಹೆಚ್ಚು ಸಮಾಧಾನ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಲಿಟಲ್ ಎಲ್ಮಿಗೆ ಹೋದ ದಿನ ಆಂಟಿ ಮಂಡಕ್ಕಿಯ ಗಿರಮಿಟ್ ಮಾಡಿದ್ದರು. ಅಂಕಲ್ ಅದನ್ನು ಮುಟ್ಟದೆ ಕೇಳಿದರು. "ಹೇಳು. ಹೆಂಗಿತ್ತು ಗುಡ್ಡ?"

"ತುಂಬಾ ಕಷ್ಟ ಅಂಕಲ್. ಪ್ರ್ಯಾಕ್ಟೀಸ್ ಇಲ್ಲದೆ ಹೋಗಿದ್ರೆ ಆಗ್ತಾನೇ ಇರಲಿಲ್ಲ."

"ಹೌದಾ?" ಎಂದು ಆಂಟಿಯ ಕಡೆ ತಿರುಗಿದರು. "ಕೇಳಿದೇನ? ಹಂಗಾದ್ರ ನಾ ಹೋಗಲಾರದ್ದ ಛಲೋ ಆತು."

ಆಂಟಿ, "ನಾನೂ ಅದನ್ನ ಹೇಳ್ತಿದ್ನಲ್ಲ," ಎನ್ನುತ್ತ ನನ್ನ ಫೋನ್ ತೆಗೆದುಕೊಂಡು ಫೋಟೋ ಸರಿಸತೊಡಗಿದರು. ನದಿ, ಚರ್ಚು, ದ್ರಾಕ್ಷಿ. ಒಂದರ ಹತ್ತಿರ ನಿಂತು ಅಂಕಲ್ಲಿಗೆ ತೋರಿಸಿದರು. ಅಂಕಲ್ ಕನ್ನಡಕ ಏರಿಸಿ, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದರು.

"ಈ ಸೈಕಲ್ಲಿನಾಕಿ ಯಾರು?"

"ಅಲ್ಲೀವ್ರೇ ಅಂಕಲ್. ಸ್ಮಶಾನಕ್ಕೆ ಹೂ ತಗೊಂಡು ಹೋಗ್ತಿದ್ರು ಅನ್ಸುತ್ತೆ."

"ಇದ ಗುಡ್ಡದಾಗ?"

"ಹೂಂ."

"ವಯಸ್ಸೆಷ್ಟು?"

"ಎಪ್ಪತ್ತು… ಎಪ್ಪತ್ತರ ಮೇಲಿರಬಹುದು."

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಫೋನನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟು ಹೇಳಿದರು: "ಪಾಪ, ಈಕೀನೂ ಎಲ್ಲೋ ಪಾರ್ಕಿಂಗ್ ಗ್ಯಾರೇಜ್ ಹತ್ತಿರಬೇಕು. ಎಂಟನೂರಾ ಅರವತ್ತು ಸಲ."

ಆಂಟಿಗೆ ಅರ್ಥವಾಗಲಿಲ್ಲ. ನನಗಾಯಿತು. ಅಂಕಲ್ ಗಿರಮಿಟ್ಟಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, "ತಿನ್ನು, ಮೆತ್ತಗಾಗ್ತದ," ಎಂದರು.

ಇಂಥ ಸಂದರ್ಭಕ್ಕೆ ನಾನು ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ. ಇನ್ನೊಂದು ದಿನ ಬಂದು, ಯೋಚಿಸಿಟ್ಟುಕೊಂಡು, ಸರಿಯಾದ ಮಾತುಗಳಲ್ಲಿ ಹೇಳಬಹುದು ಎಂದು ಹಳೆಯ ಬುದ್ಧಿ ಹೇಳಿತು. ಅದರ ಮಾತು ಕೇಳದೆ, "ತಪ್ಪಾಯಿತು ಅಂಕಲ್" ಎಂದು ಶುರುಮಾಡಿದೆ. ಚಿಕ್ಕ ವಾಕ್ಯವೇ. ಆದರೂ ತುದಿ ಮುಟ್ಟುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಅವರು ಕಾದರು.