ಜಯಲಕ್ಷ್ಮಿಪುರಂಗೆ ಒಂದು ಡಬ್ಬಿ ನೆಗೆಟಿವ್

ಚಾಮರಾಜನಗರದಿಂದ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೊರಟೆ. ಏಪ್ರಿಲ್ ಬಿಸಿಲು ಆಗಲೇ ಏರಿತ್ತು. ತೊಡೆಯ ಮೇಲೆ ತಗಡಿನ ಡಬ್ಬಿ. ಅದರೊಳಗೆ, ಅಜ್ಜಿಯ ತಂದೆ ತಮ್ಮ ಫೋಟೋ ಸ್ಟುಡಿಯೋದಲ್ಲಿ ತೆಗೆದ ನೆಗೆಟಿವ್‌ಗಳು. ಅಜ್ಜಿ ಕೂಸಾಗಿದ್ದಾಗಲೇ ಅವರ ತಾಯಿ ತೀರಿಕೊಂಡಿದ್ದರು. ತಾಯಿ ಕೂಸನ್ನೆತ್ತಿಕೊಂಡಿದ್ದ ಒಂದೇ ಚಿತ್ರದ ಪ್ರಿಂಟು ಎಂದೋ ಕಳೆದುಹೋಗಿ, ನೆಗೆಟಿವ್ ಮಾತ್ರ ಈ ಡಬ್ಬಿಯಲ್ಲಿ ಉಳಿದಿತ್ತು. “ಒಂದ್ಸಲ ಅವ್ವನ ಮುಖ ನೋಡ್ಬುಡ್ತೀನಿ ಕಣಮ್ಮ,” ಎಂದು ಎಂಬತ್ತು ದಾಟಿದ ಅಜ್ಜಿ ನನ್ನನ್ನು ಮೈಸೂರಿಗೆ ಕಳಿಸಿದ್ದರು.

ಬಸ್ಸು ತುಂಬಿತ್ತು. ನಾನು ಡಬ್ಬಿಯನ್ನು ಅವುಚಿಕೊಂಡು ಒದ್ದಾಡುವುದನ್ನು ನೋಡಿ ಡ್ರೈವರ್, “ಬಾನೆಟ್ ಮೇಲೆ ಮಡಗಿ ಮೇಡಂ, ಯಾರೂ ಎತ್ಕೊಂಡ್ ಓಗಲ್ಲ,” ಎಂದರು. ಇಟ್ಟೆ. ಅರವತ್ತು ಕಿಲೋಮೀಟರ್ ಅದು ಎಂಜಿನ್ ಮೇಲೆಯೇ ಇತ್ತು. ಮಂಡಕಳ್ಳಿ ದಾಟುವಾಗ ಮೂಗು ಚುಚ್ಚುವ ಘಾಟು ಬಂತು. “ಎಂಥಾ ಉಪ್ಪಿನಕಾಯಿ ತಂದಿದ್ದೀರಾ?” ಎಂದು ಪಕ್ಕದ ಹೆಂಗಸು ನಕ್ಕರು. ನಾನೂ ನಕ್ಕೆ.

ಕಾಲೇಜಿನಲ್ಲಿ ನನಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ, ನಿವೃತ್ತರಾದ ಮೇಲೆ ಜಯಲಕ್ಷ್ಮಿಪುರಂನ ಮನೆಯಲ್ಲಿ ಹಳೆಯ ಫಿಲಂ ಪರೀಕ್ಷಿಸುತ್ತಾರೆ. ಡಬ್ಬಿ ತೆರೆದವರೇ ಹಿಂದೆ ಸರಿದರು. ಉಗುರಿನಷ್ಟು ತುಂಡು ಕತ್ತರಿಸಿ, ಹಿತ್ತಲಿನ ಮರಳ ಮೇಲಿಟ್ಟು ಕಡ್ಡಿ ಗೀರಿದರು. ಕಣ್ಣು ಮಿಟುಕಿಸುವುದರೊಳಗೆ ಭಗ್ಗೆಂದು ಉರಿದು ಮುಗಿಯಿತು.

“ನೈಟ್ರೇಟ್ ಫಿಲಂ ಕಣೇ. ಕೆಟ್ಟಮೇಲೆ ಬರೀ ಕಾವಿಗೇ ಹತ್ಕೊಳ್ಳತ್ತೆ. ನೀರು ಹಾಕಿದ್ರೂ ಆರಲ್ಲ. ಹೇಗೆ ತಂದೆ?”

ಹೇಳಿದೆ. ಬಸ್ಸಿನಲ್ಲಿ ಆ ಬಾನೆಟ್ಟಿಗೆ ಕಾಲು ತಾಗಿಸಿಕೊಂಡು ಒಂದು ಮಗು ನಿದ್ದೆ ಮಾಡುತ್ತಿತ್ತು. ಈಗಲೂ ದಿನಕ್ಕೊಮ್ಮೆಯಾದರೂ ಆ ಬಸ್ಸಿನೊಳಗೆ ಕುಳಿತಿರುತ್ತೇನೆ.

“ಇಷ್ಟು ದಿನ ಎಲ್ಲಿಟ್ಟಿದ್ರಿ?”

“ಒಲೆ ಮೇಲಿನ ಅಟ್ಟದಲ್ಲಿ. ಬೂಷ್ಟು ಹಿಡಿಯಬಾರದು ಅಂತ ಅಜ್ಜಿ…”

“ಆ ಬಿಸಿಯೇ ತಿಂದುಹಾಕಿದೆ.”

ಫಿಲಂಗಳು ಅಂಟಿಕೊಂಡು ಕಂದು ಬಣ್ಣಕ್ಕೆ ತಿರುಗಿದ್ದವು, ಕೆಲವು ಪುಡಿಯಾಗಿದ್ದವು. ಮೇಡಂ ಸಂಜೆಯವರೆಗೆ ಬಿಡಿಸಿದರು. ಬೇಕಿದ್ದ ನೆಗೆಟಿವ್ ಸಿಕ್ಕಿತು. ತಾಯಿಯ ಮುಖವಿದ್ದ ಜಾಗದಲ್ಲಿ ಅಂಟು ಮಾತ್ರ. ಕೂಸಿನ ಬೆನ್ನೂ ಅದನ್ನು ಹಿಡಿದ ತಾಯಿಯ ಕೈಯೂ ಉಳಿದಿದ್ದವು. ಅಷ್ಟನ್ನೇ ಸ್ಕ್ಯಾನ್ ಮಾಡಿ ಪ್ರಿಂಟು ಕೊಟ್ಟರು. ಡಬ್ಬಿಯನ್ನು ಮರಳಿಸಲಿಲ್ಲ, ತಿಳಿದವರ ಕೈಯಲ್ಲಿ ಸುಟ್ಟುಹಾಕಿಸಬೇಕು ಎಂದರು.

ಮರುದಿನ ಊರಿಗೆ ಮರಳಿದೆ. ಅಟ್ಟದ ಮಾತು ಎತ್ತಲಿಲ್ಲ. ಅಜ್ಜಿ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ನೆಲದ ಮೇಲಿಟ್ಟು, ಸುಕ್ಕುಗಟ್ಟಿದ ತಮ್ಮ ಕೈಯನ್ನು ಚಿತ್ರದಲ್ಲಿದ್ದ ತಾಯಿಯ ಕೈಯ ಪಕ್ಕದಲ್ಲಿ ಚಾಚಿದರು.

“ಅಯ್ಯೋ,” ಎಂದರು, “ಎಷ್ಟು ಎಳೇ ಹುಡುಗಿ ಕಣಮ್ಮ ಇವಳು.”