ಕಾಯಿ ಒಡೆಯದೆ ಬರೆದ ಪರೀಕ್ಷೆ

ಪುಣೆಯ ಕೊಂಢವಾದಲ್ಲಿ ಧರ್ಮಣ್ಣ ಗಿಲಾವು ಮಾಡಿದ ಗೋಡೆಗಳು ಎಷ್ಟು ನುಣುಪೆಂದರೆ, ಅಲ್ಲಿನ ಹಲ್ಲಿಗಳು ಹತ್ತಲಾಗದೆ ಜಾರಿ ಜಾರಿ ಸೊಂಟ ಉಳುಕಿಸಿಕೊಂಡು ಕಡೆಗೆ ಬಾರಾಮತಿಯ ಕಬ್ಬಿನ ಹೊಲಕ್ಕೆ ವಲಸೆ ಹೋದವಂತೆ. ಹೇಳಿದವನು ಧರ್ಮಣ್ಣನೇ ಆದ್ದರಿಂದ ಅರ್ಧ ನಂಬಿದರೆ ಸಾಕು. ಯಾದಗಿರಿ ಕಡೆಯಿಂದ ಪ್ರಾಯದಲ್ಲಿ ಬಂದವನು ಪುಣೆಯಲ್ಲಿ ಗಾರೆಯ ಕರಣಿ ಹಿಡಿದೇ ಮುದುಕನಾದ, ಅದಂತೂ ನಿಜ. ಮೊಮ್ಮಗಳು ಆರತಿ ಅವರಿದ್ದ ಓಣಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ, ಅದೂ ನಿಜ.

ಆರತಿಗೆ ಪರೀಕ್ಷೆ ಬಂತೆಂದರೆ ಓಣಿಗೆಲ್ಲ ಹಬ್ಬ. ಧರ್ಮಣ್ಣ ಅವಳ ಪೆನ್ನನ್ನು ಜೇಜುರಿ ಗುಡ್ಡಕ್ಕೆ ಒಯ್ದು ಖಂಡೋಬನ ಭಂಡಾರದ ಅರಿಸಿನದಲ್ಲಿ ಹೊರಳಿಸಿ ತರುತ್ತಿದ್ದ. ಒಮ್ಮೆ ಅವನು ಎರಚಿದ ಅರಿಸಿನಕ್ಕೆ ಗುಡ್ಡದ ಕಾಗೆಗಳೆಲ್ಲ ಹಳದಿಯಾಗಿ, ತಮ್ಮ ಗೂಡು ತಾವೇ ಗುರುತಿಸಲಾರದೆ ಒದ್ದಾಡಿದವಂತೆ. ಇರಲಿ, ಕಾಗೆಯ ಮಾತು ಬಿಡಿ. ಪರೀಕ್ಷೆಯ ಬೆಳಿಗ್ಗೆ ಆರತಿಯ ಅವ್ವ ಶರಣಮ್ಮ ಮೊಸರು ಸಕ್ಕರೆ ತಿನ್ನಿಸುವಳು, ಓಣಿಯ ಮಂದಿ ಎರಡೂ ಕಡೆ ಸಾಲಾಗಿ ನಿಲ್ಲುವರು, ಪಕ್ಕದ ಮನೆಯ ಈರಣ್ಣ ಕಾಯಿ ಒಡೆದು ಕೂಗುವನು: "ಓಣಿ ಮಾನ ನಿನ್ನ ಕೈಯಾಗ ಅದ ನೋಡವ್ವಾ!"

ಹೋದ ಸಲ ಹೀಗೆ ಕಳಿಸಿಕೊಟ್ಟ ಹುಡುಗಿ ಪರೀಕ್ಷಾ ಹಾಲಿನಲ್ಲಿ ಬೆವೆತು, ಒಂದಕ್ಷರ ಬರೆಯದೆ ಎದ್ದು ಬಂದಿದ್ದಳು. ಈ ಸಲ ಧರ್ಮಣ್ಣ ಪೆನ್ನು ಕೇಳುವ ಮೊದಲೇ ಹೇಳಿಬಿಟ್ಟಳು.

"ಮುತ್ಯಾ, ನಾ ಪರೀಕ್ಷಾ ಬರಿಯಂಗಿಲ್ಲ. ಕಾಲೇಜ ಬಿಡ್ತೀನಿ."

"ಯಾಕ? ಮತ್ತ ಹಾಲ್‌ನ್ಯಾಗ ಅಂಜಿಕಿ ಬರ್ತದೇನು?"

"ಭೂಗೋಳದ ಮೇಡಂ ಈ ಸಲ ಪರೀಕ್ಷಾನೇ ಬದಲಿ ಮಾಡ್ಯಾರ. ಪುಸ್ತಕ ತಗದು ಬರೀಬಹುದಂತ. ತಪ್ಪಾದ್ರ ಮುಂದಿನ ವಾರ ತಿದ್ದಿ ಮತ್ತ ಬರೀಬಹುದಂತ. ಆದ್ರೂ ಅಂಜಿಕಿ ಬರ್ತದ."

ಧರ್ಮಣ್ಣನಿಗೆ ಅಂಜಿಕೆಯ ಮಾತು ಕೇಳಿಸಲೇ ಇಲ್ಲ. ಪುಸ್ತಕ ತೆಗೆದು ಬರೆಯುವುದೆಂದರೆ ಕಾಪಿ ಹೊಡೆಯುವುದು! ಬಡವರ ಮಗಳೆಂದು ಪುಕ್ಕಟೆ ಪಾಸು ಮಾಡಲು ಹೊರಟಿದ್ದಾರೆ! ಮರುದಿನ ತಲೆಗೆ ಪಟಕಾ ಸುತ್ತಿಕೊಂಡು, ಆರತಿಯನ್ನೂ ಎಳೆದುಕೊಂಡು ಕಾಲೇಜಿಗೆ ನಡೆದ.

ಭೂಗೋಳದ ಜ್ಯೋತ್ಸ್ನಾ ಮೇಡಂ ಉಡುಪಿ ಕಡೆಯವರು. ಕುರ್ಚಿ ಎಳೆದು ಕೊಟ್ಟರು.

"ಕೂತ್ಕೊಳ್ಳಿ ಅಜ್ಜ. ಎಂತ ವಿಷಯ?"

"ನಮ್ಮ ಹುಡಿಗಿ ಕಾಪಿ ಹೊಡದು ಪಾಸಾಗೂದು ಬ್ಯಾಡ್ರಿ. ನಪಾಸಾದ್ರೂ ಚಿಂತಿಲ್ಲ."

ಮೇಡಂ ನಗಲಿಲ್ಲ. "ಸರಿ, ಮಾದರಿಗೆ ಒಂದು ಪ್ರಶ್ನೆ ಓದ್ತೇನೆ, ನೀವೇ ಹೇಳಿ. ನಿಮ್ಮ ಓಣಿಯ ಮಳೆನೀರು ಎಲ್ಲಿಗೆ ಹೋಗ್ತದೆ? ಹೋಗಬೇಕಾದ ಜಾಗಕ್ಕೆ ಯಾಕೆ ಹೋಗುವುದಿಲ್ಲ?"

"ಈರಣ್ಣನ ಮನ್ಯಾಗ ಹೋಗ್ತದ್ರಿ! ಹ್ವಾದ ವರ್ಷ ಅವನ ಪಲಂಗ ತೇಲಿಕೋತ ಹೊಂಟಿತ್ತು, ಮ್ಯಾಲ ಈರಣ್ಣ ಗೊರಕಿ ಹೊಡೀತಿದ್ದ. ನಾನೇ ಹಗ್ಗಾ ಹಾಕಿ ಎಳದೆ."

"ಅದು ಪುಸ್ತಕದಲ್ಲಿ ಉಂಟಾ?"

"ಈರಣ್ಣ ಹ್ಯಾಂಗ ಇರ್ತಾನ್ರಿ ಪುಸ್ತಕದಾಗ?"

"ಹಾಗಾದರೆ ಕಾಪಿ ಹೇಗೆ ಹೊಡಿಯುದು ಮಾರಾಯ್ರೆ? ನೀರು ಹರಿಯುವ ನಿಯಮ ಪುಸ್ತಕದಲ್ಲಿ ಉಂಟು, ಓಣಿ ಅವಳ ಕಣ್ಣಲ್ಲಿ ಉಂಟು. ಎರಡನ್ನೂ ಅವಳು ಸೇರಿಸಬೇಕು. ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ಮೇಲೆ ಮರೀತಾರೆ. ತಪ್ಪು ತಿದ್ದಿ ಬರೆದವರು ಮರೆಯುವುದು ಕಡಿಮೆ."

ಧರ್ಮಣ್ಣ ಪಟಕಾ ಸರಿಮಾಡಿಕೊಂಡು ಮೊಮ್ಮಗಳ ಕಡೆ ತಿರುಗಿದ. "ಇಷ್ಟ ಚಲೋ ಅದ. ಮತ್ತ ಅಂಜಿಕಿ ಯಾತರದು?"

ಆರತಿ ಚೀಲದ ಹಿಡಿಕೆ ತಿರುವುತ್ತ ನಿಂತಳು. "ಹಾಲ್‌ನ್ಯಾಗ ಕುಂತ್ರ ನನಗ ಪ್ರಶ್ನಿ ಕಾಣಂಗಿಲ್ಲ ಮುತ್ಯಾ. ನೀವೆಲ್ಲ ಸಾಲಾಗಿ ನಿಂತಿದ್ದೇ ಕಾಣ್ತದ. ಕಾಯಿ ಒಡದ ಸಪ್ಪಳ ಕೇಳ್ತದ."

ಧರ್ಮಣ್ಣ ಆ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದ. ಓಣಿ ಮುಟ್ಟಿದವನೇ ಮೊದಲು ಈರಣ್ಣನ ಬಾಗಿಲು ತಟ್ಟಿದ.

ಪರೀಕ್ಷೆಯ ಬೆಳಿಗ್ಗೆ ಅವನು ಪೆನ್ನು ಕೇಳಲಿಲ್ಲ. ಓಣಿಗೆಲ್ಲ ತಾಕೀತು ಮಾಡಿದ್ದ: ಯಾರೂ ಸಾಲಾಗಿ ನಿಲ್ಲಬಾರದು, ಅವಳ ಕಡೆ ನೋಡಲೂಬಾರದು. ಆರತಿ ಹೊರಬಂದಾಗ ಒಬ್ಬಳು ತೊಳೆದ ಕೊಡವನ್ನೇ ಮತ್ತೆ ತೊಳೆಯುತ್ತಿದ್ದಳು. ಈರಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ, ಬೆನ್ನ ಹಿಂದೆ ಕೈ, ಕೈಯಲ್ಲಿ ಕಾಯಿ.

"ಈರಣ್ಣ ಕಾಕಾ, ಜುಟ್ಟು ಕಾಣಾಕತ್ತದ!" ಎಂದಳು ಆರತಿ.

"ನಂದಲ್ಲವ್ವಾ, ಕಾಯೀದು," ಅಂದ ಈರಣ್ಣ, ತಿರುಗದೆಯೇ.

ಆರತಿ ನಗುತ್ತಲೇ ಬಸ್ಸು ಹತ್ತಿದಳು.

ಸಂಜೆ ಬಂದವಳನ್ನು ಏನೂ ಕೇಳಬಾರದೆಂದು ಧರ್ಮಣ್ಣ ನಾಲಿಗೆ ಕಚ್ಚಿಕೊಂಡು ಕೂತಿದ್ದ. ಅವಳೇ ಹೇಳಿದಳು.

"ಎಲ್ಲಾ ಬರದೆ ಮುತ್ಯಾ. ನೀರಿನ ಪ್ರಶ್ನಿ ಒಂದು ತಪ್ಪೇದ. ಓಣಿ ಇಳಿಜಾರು ಉಲ್ಟಾ ತೋರಿಸಿದೆ, ಬಸ್ಸಿನ್ಯಾಗ ಬರೂಮುಂದ ಹೊಳೀತು."

"ಅಯ್ಯೋ! ಮತ್ತ?"

"ಮತ್ತೇನು, ಮುಂದಿನ ವಾರ ತಿದ್ದಿ ಬರೀತೀನಿ. ನಡಿ, ಈರಣ್ಣ ಕಾಕಾನ ಅಂಗಳ ನೋಡಿ ಬರೂಣು. ತಿರುಗಿ ಬಂದ ಮ್ಯಾಲ ರೊಟ್ಟಿ ತಿಂತೀನಿ."

ಇಬ್ಬರೂ ಎದ್ದು ಹೋದರು. ಒಡೆಯದೆ ಉಳಿದಿದ್ದ ಕಾಯನ್ನು ಈರಣ್ಣ ಶರಣಮ್ಮನಿಗೆ ಕೊಟ್ಟ. ಅವರು ತಿರುಗಿ ಬರುವಷ್ಟರಲ್ಲಿ ರೊಟ್ಟಿಯ ಜೊತೆಗೆ ಚಟ್ನಿಯೂ ಸಿದ್ಧವಿತ್ತು.