ಮುಂದಿನ ಅಚ್ಚು, ಎರಡು ಮೂಟೆ ಭತ್ತ

ನಮ್ಮ ಪಿಕಪ್ ಗಾಡಿಯ ಹೊಟ್ಟೆಯೊಳಗೆ, ಎಂಜಿನ್ನು ಕೂರುವ ಅಡ್ಡಪಟ್ಟಿಯ ಮೇಲೆ, ಮೂರು ಬೆರಳಿನ ವಿಭೂತಿ ಇದೆ. ಅದನ್ನು ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಿ, ಮೊಣಕೈ ಊರಿಕೊಂಡು ಒಳಗೆ ಸರಿಯಬೇಕು; ನನ್ನ ವಯಸ್ಸಿನವರಿಗೆ, ಅದರಲ್ಲೂ ನನ್ನ ಗಾತ್ರದವರಿಗೆ, ಸರಿಯುವುದು ಸುಲಭ, ಹೊರಗೆ ಬರುವುದೇ ಕಷ್ಟ. ಹಚ್ಚಿದವನು ನಾನೇ. ಭಕ್ತಿಯಿಂದ ಮಾಡಿದ ಕೆಲಸವನ್ನು ನೆನೆದು ನಾಚಿಕೆಪಡಬೇಕಾಗಿ ಬರುವುದು ಮನುಷ್ಯನಿಗೆ ಅಪರೂಪ. ನನಗೆ ಬಂತು. ಹೇಳಲೋ ಬೇಡವೋ ಎಂದು ಬಹಳ ದಿನ ಹಿಂದೆ ಮುಂದೆ ನೋಡಿದೆ. ಕೊನೆಗೆ, ಹೇಳದೆ ಇದ್ದದ್ದರಿಂದಲೇ ಆಗಿದ್ದಲ್ಲವೇ ಇಷ್ಟೆಲ್ಲ ಎನ್ನಿಸಿ, ನಿಮ್ಮ ಮುಂದೆ ಕೂತಿದ್ದೇನೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ. ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ ಒಂದಿಷ್ಟು ಗದ್ದೆ. ವಾರವಿಡೀ ತಟ್ಟೆ ಲೋಟಗಳ ನಡುವೆ ಕೂತವನಿಗೆ ಭಾನುವಾರ ಕೆಸರು ಬೇಕೆನಿಸುತ್ತದೆ. ನಾಲ್ಕಾರು ಗೆಳೆಯರು ಸೇರಿ ಗಾಡಿಗಳನ್ನು ಹಳ್ಳ, ಕಲ್ಲು, ಏರಿಗಳ ಮೇಲೆ ಹತ್ತಿಸಿ ಇಳಿಸುವ ಹುಚ್ಚು ನಮ್ಮದು. ಕಾಲುವೆಗೆ ನೀರು ಬಿಟ್ಟಾಗ ಗದ್ದೆಯ ದಾರಿಯಲ್ಲಿ ನನ್ನ ಪಿಕಪ್ಪಿನ ಮುಂದಿನ ಚಕ್ರದ ಕೀಲು ಪ್ರತಿ ವರ್ಷ ಕೈಕೊಡುತ್ತಿತ್ತು. ಅದನ್ನು ಕಿತ್ತು ಹಾಕಿ, ಹಳೆಯ ಮಿಲಿಟರಿ ಜೀಪಿನ ಹಾಗೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಅಚ್ಚು ಕೂರಿಸುತ್ತೇನೆಂದು ಒಂದು ದಿನ ಊಟಕ್ಕೆ ಕೂತಾಗ ಘೋಷಿಸಿದೆ. ನನ್ನ ಹೆಂಡತಿ ಶಾಂತಾ ರೊಟ್ಟಿ ಹಾಕುತ್ತಾ, "ಗಾಡಿ ಮೊಣಕಾಲು ಬದಲ್ಸಾಕೆ ಹೊಂಟೀರಿ. ನಿಮ್ಮ ಮೊಣಕಾಲು ಬದಲ್ಸಾದು ಯಾವಾಗ?" ಎಂದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಈಗಿನ ಗಾಡಿಗಳ ಮುಂದಿನ ಚಕ್ರಗಳು ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ. ಒಂದು ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಒಳಗೆ ಕೂತವರಿಗೆ ಅದು ಸುಖ. ಒಂದೇ ಅಚ್ಚಿನ ಗಾಡಿಯಲ್ಲಿ ಹಾಗಿಲ್ಲ. ಎಡಚಕ್ರ ಕಲ್ಲು ಹತ್ತಿತೆಂದರೆ ಬಲಚಕ್ರ ಆ ಭಾರವನ್ನು ಹೊತ್ತು ನೆಲಕ್ಕೆ ಒತ್ತಿಕೊಳ್ಳಲೇಬೇಕು. ಒಬ್ಬರ ಏರಿಳಿತ ಇನ್ನೊಬ್ಬರ ಮೈಗೆ ತಟ್ಟಲೇಬೇಕು. ಇದನ್ನೆಲ್ಲ ಗೆಳೆಯರಿಗೆ ದೊಡ್ಡ ತತ್ತ್ವದಂತೆ ಹೇಳಿಕೊಂಡು ತಿರುಗುತ್ತಿದ್ದೆ. ಬಾಯಲ್ಲಿ ಹೇಳುವುದಕ್ಕೇನು, ಖರ್ಚಿಲ್ಲ.

ಕೆಲಸ ಹಿಡಿದವರು ಹರಿಹರದ ಹನುಮಂತಪ್ಪ ಮೇಸ್ತ್ರಿ. ಒಂದು ಕಾಲಕ್ಕೆ ಅಲ್ಲಿನ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದವರು, ಆಮೇಲೆ ಅಕ್ಕಿ ಗಿರಣಿಯ ಪಕ್ಕ ತಮ್ಮದೇ ಶೆಡ್ಡು ಹಾಕಿಕೊಂಡವರು. ಅರವತ್ತು ದಾಟಿದೆ. ಹೋದ ವರ್ಷ ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಅದಾದ ಮೇಲೆ ಯಾವುದೇ ವಸ್ತುವನ್ನು ಮೊದಲು ಬಲಗಣ್ಣಿಂದ, ಆಮೇಲೆ ಎಡಗಣ್ಣಿಂದ ನೋಡಿ, ಎರಡೂ ಒಂದೇ ಹೇಳುತ್ತವೆಯೇ ಎಂದು ಪರೀಕ್ಷಿಸುವ ಅಭ್ಯಾಸ ಬಿದ್ದಿತ್ತು. ಅವರ ಶೆಡ್ಡಿನಲ್ಲಿ ಎರಡು ಕಟ್ಟಳೆ. ಇಟ್ಟ ವಸ್ತುವನ್ನು ಹೊರಗಿನವರು ಮುಟ್ಟಬಾರದು. ಬೆಸುಗೆ ಹಾಕಿದ ಗಾಡಿಯನ್ನು ಮೊದಲು ಓಡಿಸುವವನು ಬೆಸುಗೆ ಹಾಕಿದವನೇ. "ನಾನು ಹಾಕಿದ್ದು ಬಿಟ್ಕಂಡ್ರೆ ಮೊದ್ಲು ನಾನು ಹೋಗ್ಬೇಕ್ರಿ, ನೀವ್ಯಾಕ?" ಎನ್ನುತ್ತಿದ್ದರು.

ಇಡೀ ಕೆಲಸದ ಜೀವ ಅಚ್ಚು ತುಸು ಓರೆಯಾಗಿ ನಿಲ್ಲುವ ಒಂದು ವಾಲಿನಲ್ಲಿದೆ ಎಂದು ನನಗೆ ಕಲಿಸಿದವರೂ ಅವರೇ. ಸೈಕಲ್ಲಿನ ಮುಂದಿನ ಕವಲು ತುಸು ಹಿಂದಕ್ಕೆ ವಾಲಿರುತ್ತದಲ್ಲ, ಅದರಿಂದಲೇ ಕೈಬಿಟ್ಟರೂ ಸೈಕಲ್ಲು ನೆಟ್ಟಗೆ ಹೋಗುತ್ತದೆ. ಗಾಡಿಯ ಅಚ್ಚನ್ನೂ ಹಾಗೆಯೇ ಇಂತಿಷ್ಟು ಡಿಗ್ರಿ ವಾಲಿಸಿ ಬೆಸೆಯಬೇಕು. ಅದು ತಪ್ಪಿದರೆ ವೇಗದಲ್ಲಿ ಸಣ್ಣ ಗುಂಡಿ ಸಿಕ್ಕರೂ ಮುಂದಿನ ಚಕ್ರಗಳಿಗೆ ನಡುಕ ಹಿಡಿಯುತ್ತದೆ. ಕೆಳಗಿನ ಉಕ್ಕಿನ ಕಮಾನುಪಟ್ಟಿಗಳು ಎಂಜಿನ್ನಿನ ಭಾರಕ್ಕೆ ಎಷ್ಟು ಬಗ್ಗುತ್ತವೋ ಅಷ್ಟು ಬಗ್ಗಿದಾಗಲೇ ಆ ವಾಲನ್ನು ಅಳೆಯಬೇಕು. ನಮ್ಮ ಎಂಜಿನ್ನೋ ದಾವಣಗೆರೆಯ ಲೇತ್ ಅಂಗಡಿಯಲ್ಲಿ ಬಿಚ್ಚಿಕೊಂಡು ಕೂತಿತ್ತು. ಅದು ಬರುವವರೆಗೂ ಕಾಯೋಣ ಎಂದರು ಮೇಸ್ತ್ರಿ. ಅಮಾವಾಸ್ಯೆಯೊಳಗೆ ಅಚ್ಚು ಕೂರಲೇಬೇಕು, ಅಂದೇ ಪೂಜೆ ಎಂದು ಹಟ ಹಿಡಿದವನು ನಾನು. ಕಡೆಗೆ ಅವರೇ ದಾರಿ ಹುಡುಕಿದರು: ಎಂಜಿನ್ನಿನ ಜಾಗದಲ್ಲಿ ಅದರ ತೂಕದಷ್ಟೇ ಭತ್ತದ ಮೂಟೆ ಹೇರುವುದು. ನಂದಿಗುಡಿಯಿಂದ ನಾಲ್ಕು ಮೂಟೆ ತರಿಸಿದೆ. ಅಮಾವಾಸ್ಯೆಯ ಬೆಳಿಗ್ಗೆ ಅವನ್ನು ಚಾಸಿಯ ಮೇಲೆ ಹೇರಿ, ಕಿಡಿ ತಾಗದಂತೆ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ, ಪಟ್ಟಿಗಳು ಹದಕ್ಕೆ ಬಗ್ಗಲೆಂದು ಬಿಟ್ಟು, ಮೇಸ್ತ್ರಿ ಮಧ್ಯಾಹ್ನ ಊಟಕ್ಕೆ ಹೋದರು. ಬಂದ ಮೇಲೆ ಅಳತೆ, ಆಮೇಲೆ ಬೆಸುಗೆ.

ನಾನು ಕಾಯಿ, ಊದುಬತ್ತಿ, ನಿಂಬೆಹಣ್ಣು ಹಿಡಿದು ಬಂದೆ. ವಿಭೂತಿ ಹಚ್ಚೋಣವೆಂದರೆ ಅಡ್ಡಪಟ್ಟಿಯ ತುಂಬ ಮೂಟೆ. ಗಿರಣಿಯ ಹಮಾಲರಿಬ್ಬರು ಹೊರಗೆ ಬೀಡಿ ಸೇದುತ್ತಿದ್ದರು. ಹೇಗೂ ಗಿರಣಿಗೇ ಹೋಗಬೇಕಾದ ಭತ್ತ. ಎರಡು ಮೂಟೆ ಇಳಿಸಿ ಒಯ್ದುಬಿಡ್ರಪ್ಪ ಎಂದೆ. ಒಯ್ದರು. ಪೂಜೆ ಸಾಂಗವಾಗಿ ಮುಗಿಯಿತು. ಆಮೇಲೆ ನೋಡಿದರೆ ಗೋಣಿತಟ್ಟು ಒಂದು ಕಡೆ ಜೋತುಬಿದ್ದಿದೆ, ಹಮಾಲರ ಸುಳಿವಿಲ್ಲ, ಮೇಸ್ತ್ರಿ ಬರುವ ಹೊತ್ತಾಗಿದೆ. ಮುಟ್ಟಬ್ಯಾಡ್ರಿ ಅಂದಿರಲಿಲ್ವಾ ಎಂದು ನಾಲ್ಕು ಜನರೆದುರು ಬೈಸಿಕೊಳ್ಳುವ ಭಯಕ್ಕೆ, ಐವತ್ಮೂರು ವರ್ಷದ ನಾನು, ಅಲ್ಲೇ ಬಿದ್ದಿದ್ದ ಎರಡು ಖಾಲಿ ಎಣ್ಣೆ ಡಬ್ಬಗಳನ್ನು ತಟ್ಟಿನ ಕೆಳಗೆ ತುರುಕಿ, ಮೇಲೆ ನೀಟಾಗಿ ಹೊದಿಸಿಬಿಟ್ಟೆ. ಕಬ್ಬಿಣದ ಗಾಡಿ, ಎರಡು ಮೂಟೆಯಿಂದ ಏನಾಗುತ್ತೆ ಮಹಾ ಎಂದುಕೊಂಡೆ.

ಮೇಸ್ತ್ರಿ ಬಂದರು. ಬಗ್ಗಿ ಬಲಗಣ್ಣಿಂದ ನೋಡಿದರು, ಎಡಗಣ್ಣಿಂದ ನೋಡಿದರು. "ಪಟ್ಟಿ ಇನ್ನೂ ಕುಂತಿಲ್ಲಲ್ರಿ. ಮ್ಯಾಲೇ ಐತೆ," ಎಂದರು. "ಹೊಸ ಪಟ್ಟಿ ಅಲ್ವಾ ಮೇಸ್ತ್ರಿ," ಎಂದೆ. ಅವರು ಎಡಗಣ್ಣು ಒರೆಸಿಕೊಂಡು, "ಹೂಂ, ಅದಕ್ಕೇ ಇರ್ಬೇಕು," ಎಂದು ಅಳತೆ ಮುಗಿಸಿ, ಬೆಸುಗೆಯ ಕಪ್ಪು ಗಾಜು ಮುಖಕ್ಕೆ ಇಳಿಸಿಕೊಂಡರು. ಅಲ್ಲಿಯವರೆಗೆ ನನ್ನದು ಸಂಕೋಚ ಎಂದು ಹೇಳಿಕೊಳ್ಳಬಹುದಿತ್ತು. ಆ ಮಾತಿನೊಂದಿಗೆ ಅದು ಸುಳ್ಳಾಯಿತು. ಸುಳ್ಳು ಯಾವಾಗಲೂ ದೊಡ್ಡ ಬಾಗಿಲಿನಿಂದಲೇ ಬರುತ್ತದೆಂದು ನಾನು ತಿಳಿದಿದ್ದೆ. ಅದು ಇಷ್ಟು ಸಣ್ಣ ಸಂದಿಯಲ್ಲಿ, ಇಷ್ಟು ಮರ್ಯಾದಸ್ಥ ಮಾತಿನಲ್ಲಿ ಒಳಗೆ ಬರಬಹುದೆಂದು ಅನ್ನಿಸಿರಲಿಲ್ಲ.

ಬೆಸುಗೆ ಮುಗಿದು ಮೇಸ್ತ್ರಿ ಕೈ ತೊಳೆಯಲು ಹೋದಾಗ ಉಳಿದ ಮೂಟೆ ಇಳಿಸಿಸಿ, ಡಬ್ಬಗಳನ್ನು ಮೂಲೆಗೆ ಸರಿಸಿದವನೂ ನಾನೇ. ನಾಲ್ಕು ದಿನಕ್ಕೆ ಎಂಜಿನ್ನು ಬಂದು ಕೂತಿತು. ಗಾಡಿ ಹೊರಗೆ ಬಂತು. ನೋಡಿದರೆ ಎದೆ ಉಬ್ಬುವಂಥ ನಿಲುವು. ಮೇಸ್ತ್ರಿ ಓಡಿಸಲು ಕೂತರು, ಪಕ್ಕದಲ್ಲಿ ನಾನು. ಊರು ದಾಟುವವರೆಗೆ ಎಲ್ಲ ಸೊಗಸಾಗಿತ್ತು; ಎರಡು ಮೂಟೆಯನ್ನು ನಾನು ಹೆಚ್ಚುಕಡಿಮೆ ಮರೆತೂ ಬಿಟ್ಟಿದ್ದೆ. ನಂದಿಗುಡಿ ಕಡೆಯ ನೇರ ರಸ್ತೆಯಲ್ಲಿ ಮುಳ್ಳು ಅರವತ್ತರ ಹತ್ತಿರ ಬಂದಾಗ ಎಡಚಕ್ರ ಒಂದು ಸಣ್ಣ ಗುಂಡಿಗೆ ಇಳಿದು ಎದ್ದಿತು. ಅಷ್ಟೇ. ಸ್ಟೀರಿಂಗು ಮೊದಲು ಗಡಗಡ ಎಂದಿತು, ಆಮೇಲೆ ಮೇಸ್ತ್ರಿಯ ಕೈಯನ್ನೇ ಆಚೆ ಈಚೆ ಬೀಸತೊಡಗಿತು, ಇಡೀ ಗಾಡಿ ಜ್ವರ ಬಂದವರಂತೆ ನಡುಗಿತು. ಎದುರಿಗೆ ಬಸ್ಸು. ಅಯ್ಯೋ ಶಿವನೇ! ಬಸ್ಸಿನ ಚಾಲಕನ ಬಾಯಿ ತೆರೆದದ್ದು ನನಗೆ ಕಾಣುವಷ್ಟು ಹತ್ತಿರ. ಮೇಸ್ತ್ರಿ ಬ್ರೇಕು ಒದೆಯಲಿಲ್ಲ, ಕೂಗಲಿಲ್ಲ. ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಸ್ಟೀರಿಂಗನ್ನು ಅವುಚಿ ಹಿಡಿದು, ವೇಗ ಕಳೆಯುತ್ತಾ ಕಳೆಯುತ್ತಾ ಎಡಕ್ಕೆ ತಂದು ಗದ್ದೆಯ ಬದುವಿನ ಪಕ್ಕ ನಿಲ್ಲಿಸಿದರು. ಬಸ್ಸು ಹಾದುಹೋಯಿತು. ಆ ಹೊತ್ತಿಗಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಶೆಡ್ಡಿಗೆ ನಿಧಾನವಾಗಿ ವಾಪಸು ತಂದು, ಗಾಡಿಯ ಅಡಿ ಸರಿದು, ಮೇಸ್ತ್ರಿ ಮೂರು ಸಲ ಅಳೆದರು. ವಾಲು ಎರಡು ಡಿಗ್ರಿ ತಪ್ಪಿತ್ತು. ಹೊರಗೆ ಬಂದು ಕೈ ಒರೆಸಿಕೊಂಡು, ನನ್ನ ಮುಖ ನೋಡದೆ, "ಕಣ್ಣು ಹೋತು ಸಾವ್ಕಾರ್ರೇ," ಎಂದರು. "ಪಟ್ಟಿ ಮ್ಯಾಲೈತೆ ಅಂತ ಅನ್ಸಿತ್ತು. ನನ್ನ ಕಣ್ಣನ್ನ ನಾನೇ ನಂಬ್ಲಿಲ್ಲ. ಆಮ್ಯಾಲೆ ಅದೇ ಕಣ್ಣ ನಂಬಿ ಅಳತೆ ನೋಡಿದಾಗ ತಪ್ಪು ಅಳೆದೀನಿ. ಇದನ್ನ ಬ್ಯಾರೆಯೋರ ಹತ್ರ ಮಾಡಿಸ್ಕಳ್ರಿ. ನನಗೆ ಸಾಕು. ನಿಮ್ಮನ್ನ ಸಾಯಿಸಿ ಬಿಡ್ತಿದ್ದೆ ಇವತ್ತು."

ನಿಮ್ಮನ್ನ ಸಾಯಿಸಿ ಬಿಡ್ತಿದ್ದೆ! ನನಗೆ ಹೇಳಿದ ಮಾತು. ನಾನು "ಹಂಗೇನಿಲ್ಲ ಬಿಡ್ರಿ ಮೇಸ್ತ್ರಿ" ಎಂದು ಗೊಣಗಿ ಬಸ್ಸು ಹತ್ತಿ ದಾವಣಗೆರೆಗೆ ಬಂದೆ. ಎರಡು ದಿನ ಅನ್ನ ಸೇರಲಿಲ್ಲ. ಗಾಡಿಯ ಎರಡು ಡಿಗ್ರಿ ಸರಿಮಾಡಬಹುದು. ನಲವತ್ತು ವರ್ಷ ಉಕ್ಕು ನೋಡಿದ ಮನುಷ್ಯ ತನ್ನ ಕಣ್ಣಿನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರೆ ಅದಕ್ಕೆ ಎಲ್ಲಿಂದ ಬೆಸುಗೆ ತರುವುದು? ಮೂರನೆಯ ಬೆಳಿಗ್ಗೆ ಶಾಂತಾಳಿಗೆ ಎಲ್ಲ ಹೇಳಿ, ಎದೆ ಹಗುರಾಯಿತೆಂದು ಉಸಿರು ಬಿಟ್ಟೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ನನಗೆ ಹೇಳಿದ್ರೆ ಮುಗೀತೇನ್ರಿ? ಹರಿಹರ ಏನು ಕಾಶಿನಾ? ಎದ್ದು ಹೋಗ್ರಿ."

ಹೋದೆ. ಮೇಸ್ತ್ರಿ ಉಪಕರಣಗಳಿಗೆ ಎಣ್ಣೆ ಸವರಿ ಹಳೆ ಪಂಚೆಯಲ್ಲಿ ಸುತ್ತಿಡುತ್ತಿದ್ದರು. ನಿಂತಲ್ಲೇ ಹೇಳಿದೆ: ನಾಲ್ಕು ಮೂಟೆ ಇರಲಿಲ್ಲ, ಎರಡೇ ಇದ್ದವು, ಉಳಿದದ್ದು ಖಾಲಿ ಡಬ್ಬ, ಇಟ್ಟವನು ನಾನು.

ಅವರ ಕೈ ನಿಂತಿತು. "ಎರಡೇ ಇದ್ವಾ?"

"ಎರಡೇ."

ಮೇಸ್ತ್ರಿ ಎದ್ದುಬಿಟ್ಟರು. ಮುಖವೆಲ್ಲ ಅರಳಿ, ತೊಡೆ ತಟ್ಟಿ, "ಹಂಗಾದ್ರೆ ನನ್ನ ಕಣ್ಣು ಸರಿ ಐತೆ! ಪಟ್ಟಿ ಮ್ಯಾಲೈತೆ ಅಂದಿದ್ನಲ್ರಿ ನಾನು! ಅಂದಿದ್ದೆ ಹೌದಿಲ್ಲೋ?" ಎಂದು ಜೋರಾಗಿ ನಕ್ಕರು. ಬೈಗುಳಕ್ಕೆ ತಯಾರಾಗಿ ಬಂದಿದ್ದ ನನಗೆ ಆ ಸಂತೋಷ ಕಂಡು ಕಣ್ಣು ತುಂಬಿತು, ನಾನೂ ನಕ್ಕೆ. ಉಪಕರಣದ ಗಂಟು ಬಿಚ್ಚಿ ಮಟ್ಟಗೋಲನ್ನು ಮತ್ತೆ ಕೈಗೆತ್ತಿಕೊಂಡರು. ಗಾಡಿಯ ಕಡೆ ಎರಡು ಹೆಜ್ಜೆ ಹಾಕಿದವರು ನಿಂತು ತಿರುಗಿದರು. ನಗು ಹೋಗಿತ್ತು.

"ಅವತ್ತು ನಾನು ಗಾಡಿ ಹೊಡಿಯೋವಾಗ ನೀವು ಪಕ್ಕದಾಗೇ ಕುಂತಿದ್ರಲ್ಲ. ಆಗ್ಲೂ ಗೊತ್ತಿತ್ತಾ?"

"ಮೂಟೆ ಇರ್ಲಿಲ್ಲ ಅಂತ ಗೊತ್ತಿತ್ತು ಮೇಸ್ತ್ರಿ. ಹಿಂಗಾಗುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ."

"ನನಗೆ ಗೊತ್ತಾಗ್ತಿತ್ತಲ್ರಿ," ಎಂದರು, ಬಹಳ ಮೆಲ್ಲಗೆ. "ಹೇಳಿದ್ರೆ."

ಬೆಸುಗೆ ಕತ್ತರಿಸಿ, ಉಜ್ಜಿ, ಎಂಜಿನ್ನಿನ ಪೂರ್ತಿ ಭಾರದ ಮೇಲೆ ಮತ್ತೆ ಅಳೆದು ಬೆಸೆಯಲು ಐದು ದಿನ ಹಿಡಿಯಿತು. ಐದೂ ದಿನ ಅಂಗಡಿಗೆ ಬೀಗ ಹಾಕಿ ಹೋಗಿ ಅಲ್ಲಿ ಕೂತೆ. ಮೇಸ್ತ್ರಿ ಒರಟಾಗಿ ಒಂದು ಮಾತೂ ಆಡಲಿಲ್ಲ. ಬರ್ರಿ ಎಂದರು, ಕೂಡ್ರಿ ಎಂದರು, ಚಹಾ ತರಿಸಿದರು. ಸಾವ್ಕಾರ್ರೇ ಎಂದು ಮಾತ್ರ ಕರೆಯಲಿಲ್ಲ. ಮನೆಯ ಸುದ್ದಿ ಕೇಳಲಿಲ್ಲ, ಹೇಳಲೂ ಇಲ್ಲ. ಅವರ ಕಣ್ಣನ್ನು ಅವರಿಗೆ ವಾಪಸು ಕೊಟ್ಟಿದ್ದೆ, ಅದೊಂದು ಸಮಾಧಾನ. ನನ್ನ ಮೇಲಿದ್ದ ಅವರ ನಂಬಿಕೆ ಎಲ್ಲಿ ಬಿತ್ತೆಂದು ಹುಡುಕುತ್ತಾ ಕೂತೆ.

ಆರನೆಯ ದಿನ ಗಾಡಿ ಹೊರಗೆ ಬಂದಾಗ ಮೇಸ್ತ್ರಿ ಕೀಲಿಯನ್ನು ನನ್ನ ಕಡೆ ಚಾಚಿದರು. "ಈ ಸಲ ನೀವು ಹೊಡೀರಿ. ನಾನು ಪಕ್ಕದಾಗೆ ಕೂಡ್ತೀನಿ." ಕಟ್ಟಳೆ ಮುರಿಯುತ್ತಿದ್ದಾರಲ್ಲ ಎಂದು ಬೆರಗಾಗಿ ನೋಡಿದೆ. ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡ ಮೇಲೆ ಅವರು ಕೇಳಿದರು, "ಹೇಳೋದೇನಾರ ಉಳಿದೈತಾ?"

"ಇಲ್ಲ ಮೇಸ್ತ್ರಿ. ಏನೂ ಇಲ್ಲ."

ಬಲಗಣ್ಣಿಂದ ನನ್ನನ್ನು ನೋಡಿದರು. ಎಡಗಣ್ಣಿಂದ ನೋಡಿದರು. "ನಡೀರಿ," ಎಂದರು.

ಅದೇ ನೇರ ರಸ್ತೆ. ಮುಂದೆ ಹಿಂದೆ ಗಾಡಿಗಳಿರಲಿಲ್ಲ. ಅರವತ್ತು ಮುಟ್ಟಿದಾಗ "ಕೈ ಬಿಡ್ರಿ," ಎಂದರು. ನನ್ನ ಬೆರಳು ಸ್ಟೀರಿಂಗಿಗೆ ಅಂಟಿಕೊಂಡಿದ್ದವು. "ಬಿಡ್ರಿ ಅಂದೆ." ಬಿಟ್ಟೆ. ಅದೇ ಗುಂಡಿ ಬಂತು. ಎಡಚಕ್ರ ಇಳಿಯಿತು, ಎದ್ದಿತು, ಸ್ಟೀರಿಂಗು ಒಂದು ಸಣ್ಣ ತಿರುವು ತಿರುಗಿ ತಾನಾಗಿಯೇ ನೆಟ್ಟಗೆ ಬಂದು ನಿಂತಿತು. ಗಾಡಿ ದಾರ ಹಿಡಿದಂತೆ ಹೋಯಿತು. ಖುಷಿಗೆ ಕೂಗಬೇಕೆಂದು ಪಕ್ಕಕ್ಕೆ ತಿರುಗಿದೆ. ಮೇಸ್ತ್ರಿ ಬಾಗಿಲ ಮೇಲಿನ ಹಿಡಿಯನ್ನು ಗೆಣ್ಣುಗಳು ಬಿಳುಪೇರುವಷ್ಟು ಬಿಗಿಯಾಗಿ ಹಿಡಿದು ಕೂತಿದ್ದರು. ಬೆಸುಗೆಯ ಮೇಲೆ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದು ಅವರೇ ಹಾಕಿದ್ದು.